ಹಿಮ ನೋಡೋಕೆ ಹೋಗಿ ಗುಂಡಿ ತೋಡಿ ಬಂದದ್ದು

ರಾಯಚೂರಿನಲ್ಲಿ ಬೆಳೆದ ನನಗೆ ಹಿಮ ಅಂದ್ರೆ ಕಬ್ಬಿನ ಹಾಲಿಗೆ ಹಾಕುವ ಐಸ್, ಅಷ್ಟೇ. ಫೆಬ್ರವರಿಯಲ್ಲಿ ಮೂವರು ಗೆಳೆಯರು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ, ಅಲ್ಲಿಂದ ಬಸ್ಸಿನಲ್ಲಿ ಮನಾಲಿಗೆ ಹೋದಾಗ ನಮಗಿದ್ದ ಭಯ ಚಳಿಯದ್ದು ಮಾತ್ರ. ಚಳಿಗೆ ಸ್ವೆಟರ್ ಇತ್ತು. ಹಿಮಕುಸಿತದ ಯೋಚನೆ ಯಾರ ತಲೆಯಲ್ಲೂ ಇರಲಿಲ್ಲ.

ಸೋಲಂಗ್‌ನಿಂದ ಧುಂಡಿ ಕಡೆ, ಅಟಲ್ ಸುರಂಗದ ದಕ್ಷಿಣ ಬಾಯಿ ಇರುವ ಕಣಿವೆಗೆ ನಡೆದು, ಅಲ್ಲೊಂದು ಇಳಿಜಾರು ಹತ್ತಬೇಕು ಅಂತಿತ್ತು. ಎರಡು ದಿನ ಬಿಡದೆ ಹಿಮ ಬಿತ್ತು. ಮೂರನೇ ದಿನ ಆಕಾಶ ನೀಲಿ, ಕಣ್ಣು ಬಿಡಲಾಗದಷ್ಟು ಬಿಸಿಲು. ‘ಇಂಥ ದಿನ ಮತ್ತೆ ಸಿಗಲ್ಲ, ನಡೀರಲೇ’ ಅಂದ ಗೆಳೆಯ. ಗೈಡ್ ಒಪ್ಪಲಿಲ್ಲ. ನಮ್ಮ ರಾಯಚೂರು ಹಿಂದಿ ಕೇಳಿ ಯಾವಾಗಲೂ ನಗುತ್ತಿದ್ದವನು ಅವತ್ತು ನಗಲೂ ಇಲ್ಲ. ಹೊಸ ಹಿಮ ಬಿದ್ದ ಮೊದಲ ಒಂದೆರಡು ದಿನವೇ ಅಪಾಯ ಜಾಸ್ತಿಯಂತೆ, ಮೇಲೆ ಬಿಸಿಲು ಬಿದ್ದರಂತೂ ಇನ್ನೂ.

ಆದರೂ ನಮ್ಮ ಮುಖ ನೋಡಿ ಸ್ವಲ್ಪ ದೂರ ಕರೆದುಕೊಂಡು ಹೋದ. ಎಲ್ಲರ ಎದೆಗೂ ಒಂದೊಂದು ಬೀಕನ್ ಕಟ್ಟಿದ. ಹೂತುಹೋದರೆ ಅದರ ಸಿಗ್ನಲ್ ಹಿಡಿದು ಹುಡುಕಬೇಕು, ಹತ್ತು ಹದಿನೈದು ನಿಮಿಷದೊಳಗೆ ತೆಗೆದರೆ ಬದುಕುವವರೇ ಜಾಸ್ತಿ, ಅರ್ಧ ಗಂಟೆ ದಾಟಿದರೆ ಕಷ್ಟ. ನನಗೆ ಕುಂದಗೋಳ ಕಡೆಯ ಯೋಧ ಹನುಮಂತಪ್ಪ ಕೊಪ್ಪದ ನೆನಪಾದರು. 2016ರಲ್ಲಿ ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕಿದರು, ಆಮೇಲೆ ಉಳಿಯಲಿಲ್ಲ.

ಸಮತಟ್ಟಾದ ಜಾಗದಲ್ಲಿ ಗೈಡ್ ಸಲಿಕೆ ತೆಗೆದು ಎದೆಮಟ್ಟದ ಗುಂಡಿ ತೋಡಿದ. ಗೋಡೆ ಪದರ ಪದರವಾಗಿತ್ತು. ಮೇಲೆ ಗಾಳಿ ತಂದು ಒತ್ತಿದ ಗಟ್ಟಿ ಹಿಮ. ನೆಲದ ಹತ್ತಿರದ್ದು ಸಕ್ಕರೆ ಥರ ಉದುರಿತು, ಉಂಡೆ ಕಟ್ಟೋಕೂ ಬರಲಿಲ್ಲ. ಚಳಿಗಾಲದ ಶುರುವಿಗೆ ಬಿದ್ದ ತೆಳು ಹಿಮ, ಕೆಳಗೆ ನೆಲದ ಬಿಸಿ, ಮೇಲೆ ಕೊರೆಯುವ ಗಾಳಿ, ಈ ಎರಡರ ನಡುವೆ ಸಿಕ್ಕು ಹೀಗೆ ಹರಳಾಗುತ್ತದಂತೆ. ಪರಾತದಲ್ಲಿ ಜೋಳ ಹರವಿ, ಮೇಲೊಂದು ಹಲಗೆ ಇಟ್ಟು, ಪರಾತ ಓರೆ ಮಾಡಿ ನೋಡಿ. ಹಲಗೆ ಇಡಿಯಾಗಿ ಜಾರುತ್ತದೆ ಅಲ್ವಾ? ಹಾಗೇ ಇದೂ. ನಾವು ಹತ್ತಬೇಕೆಂದಿದ್ದ ಇಳಿಜಾರನ್ನು ಫೋನ್ ಹಿಡಿದು ಅಳೆದ, 36 ಡಿಗ್ರಿ. 30ರಿಂದ 45ರ ನಡುವೆಯೇ ಇಂಥ ಹಲಗೆಗಳು ಜಾಸ್ತಿ ಜಾರೋದು. ಅದಕ್ಕಿಂತ ತೀರಾ ಕಡಿದಾದರೆ ಹಿಮ ಅಷ್ಟಾಗಿ ನಿಲ್ಲುವುದೇ ಇಲ್ಲ, ಆಗಾಗ ಉದುರಿಹೋಗುತ್ತದೆ.

ಗೆಳೆಯ ಇನ್ನೂ ಗೊಣಗುತ್ತಿದ್ದ. ನಾಲ್ಕು ಹೆಜ್ಜೆ ಮುಂದಿಟ್ಟ, ಕಾಲಡಿ ‘ಧಪ್’ ಅಂತ ಸದ್ದು, ಸುತ್ತಲಿನ ಹಿಮ ಒಂದು ಬೆರಳಷ್ಟು ಕುಸಿಯಿತು. ಒಳಗಿನ ಸಕ್ಕರೆ ಪದರ ಮುರಿದ ಸದ್ದು ಅದು. ನಿಂತದ್ದು ಸಮತಟ್ಟು ಜಾಗ, ಹಾಗಾಗಿ ಏನೂ ಆಗಲಿಲ್ಲ. ಅಲ್ಲಿಂದ ಅವನೇ ಮೊದಲು ತಿರುಗಿದ.

ರಾತ್ರಿ ಅವ್ವನ ಫೋನ್. ‘ಗುಡ್ಡ ಹತ್ತಿದ್ರೇನಪ್ಪಾ?’

‘ಇಲ್ಲವ್ವ, ಗುಂಡಿ ತೋಡಿ ಬಂದ್ವಿ.’

‘ಅದಕ್ಕ ಅಷ್ಟು ದೂರ ಹೋಗಬೇಕಿತ್ತೇನು?’