ಡಬ್ಬಿಯ ಮೇಲಿನ ಬಿ.ಸಿ., ಬಳ್ಳಾರಿಯ ಗಾಳಿ

ಗುಂಡಿನ ಡಬ್ಬಿಯ ಮೇಲೆ ಬಿ.ಸಿ. 0.505 ಎಂದು ಅಚ್ಚಾಗಿರುತ್ತದೆ. ಅದನ್ನು ಗುಂಡು ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕುವ ಮೊಬೈಲ್ ಆ್ಯಪ್‌ಗೆ ತುಂಬಿ, ಹವಾಮಾನದ ಖಾನೆ ಮುಟ್ಟದೆ, ಮೇ ತಿಂಗಳ ಮಧ್ಯಾಹ್ನ ಬಳ್ಳಾರಿಯಲ್ಲಿ ಗುರಿ ಹಿಡಿದರೆ 300 ಮೀಟರಿಗೆ ಲೆಕ್ಕ ಹೆಚ್ಚುಕಮ್ಮಿ ಕೂಡಿಬರುತ್ತದೆ. 800 ಮೀಟರಿಗೆ ಹೋದರೆ ಗುಂಡು ಅರ್ಧ ಮೀಟರಿಗೂ ಹೆಚ್ಚು ಮೇಲೆ ಬೀಳುತ್ತದೆ. ಆಗ ಬೈಗುಳ ತಿನ್ನುವುದು ಬಿ.ಸಿ.ಯೇ. ತಪ್ಪು ಬಹುತೇಕ ಅದರದ್ದಲ್ಲ, ಗಾಳಿ ಎಷ್ಟು ದಪ್ಪ ಎಂಬ ಲೆಕ್ಕದ್ದು.

ಬಿ.ಸಿ., ಅಂದರೆ ಬ್ಯಾಲಿಸ್ಟಿಕ್ ಕೋಎಫಿಷಿಯಂಟ್, ಗಾಳಿ ಸೀಳಿಕೊಂಡು ಹೋಗುವಾಗ ಗುಂಡು ತನ್ನ ವೇಗವನ್ನು ಎಷ್ಟು ಉಳಿಸಿಕೊಳ್ಳುತ್ತದೆ ಎಂಬುದರ ಅಳತೆ. ಅದೂ ಒಂದು ಮಾದರಿ ಗುಂಡಿಗೆ ಹೋಲಿಸಿದ ಅಳತೆ. ತೂಕವನ್ನು ಗ್ರೇನ್‌ನಲ್ಲಿ ಹಿಡಿದು 7000ದಿಂದ (ಒಂದು ಪೌಂಡಿಗೆ 7000 ಗ್ರೇನ್) ಭಾಗಿಸಿ. ಬಂದದ್ದನ್ನು ಇಂಚಿನಲ್ಲಿರುವ ವ್ಯಾಸದ ವರ್ಗದಿಂದ ಭಾಗಿಸಿ. ಇದು ಸೆಕ್ಷನಲ್ ಡೆನ್ಸಿಟಿ. 175 ಗ್ರೇನ್‌ನ .308 ಇಂಚಿನ ಗುಂಡಿಗೆ 0.025 ಭಾಗಿಸು 0.0949, ಅಂದರೆ ಸುಮಾರು 0.264. ಇದನ್ನು ಮತ್ತೆ, ಮಾದರಿ ಗುಂಡಿಗೆ ಹೋಲಿಸಿದರೆ ಈ ಆಕಾರಕ್ಕೆ ಗಾಳಿಯ ತಡೆ ಎಷ್ಟು ಪಟ್ಟು ಎಂದು ಹೇಳುವ ಫಾರ್ಮ್ ಫ್ಯಾಕ್ಟರ್‌ನಿಂದ ಭಾಗಿಸಿದರೆ ಬಿ.ಸಿ. ಸಿಗುತ್ತದೆ. ಇಲ್ಲೇ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ: ಈ ಗುಂಡಿಗೆ ಇರುವ 7.62 ಮಿ.ಮೀ. ಎಂಬ ಹೆಸರು ನಳಿಗೆಯ ಒಳ ಅಳತೆ, ಗುಂಡಿನ ವ್ಯಾಸ 7.82 ಮಿ.ಮೀ. ಹೆಸರು ನೋಡಿ 7.62 ಹಾಕಿದರೆ ಅಲ್ಲೇ ಶೇ. 5ರಷ್ಟು ತಪ್ಪು.

ಮಾದರಿ ಗುಂಡು ಯಾವುದು? ಜಿ1 ಎಂಬುದು ಹತ್ತೊಂಬತ್ತನೇ ಶತಮಾನದ ಮೊಂಡ ಮೊನೆಯ, ಸಪಾಟು ತಳದ ಆಕಾರ. ಜಿ7 ಉದ್ದ ಮೊನೆಯ, ಹಿಂಭಾಗ ಕಿರಿದಾಗುವ ಬೋಟ್‌ಟೇಲ್ ಆಕಾರ. ಇಂದಿನ ಮ್ಯಾಚ್ (ಸ್ಪರ್ಧೆಯ) ಗುಂಡುಗಳು ಇದನ್ನೇ ಹೋಲುತ್ತವೆ. ಸಿಯರ್ರಾ ಕಂಪನಿಯ 175 ಗ್ರೇನ್ ಮ್ಯಾಚ್‌ಕಿಂಗ್‌ಗೆ ಜಿ1 ಲೆಕ್ಕದಲ್ಲಿ 0.505, ಜಿ7 ಲೆಕ್ಕದಲ್ಲಿ ಸುಮಾರು 0.243. ಗುಂಡು ಒಂದೇ, ಅಳೆದ ಕೋಲು ಬೇರೆ. ಆಕಾರ ಹೊಂದದ ಕಾರಣ ವೇಗ ಇಳಿದಂತೆ ಜಿ1 ಅಂಕಿಯೂ ಜಾರುತ್ತದೆ: ಸಿಯರ್ರಾದವರೇ ಸೆಕೆಂಡಿಗೆ 2800 ಅಡಿ ವೇಗದ ಮೇಲೆ 0.505, ಅದರ ಕೆಳಗೆ 0.496, 1800ರ ಕೆಳಗೆ 0.485 ಎಂದು ಮೂರು ಅಂಕಿ ಕೊಡುತ್ತಾರೆ. .308 ರೈಫಲಿನಿಂದ ಈ ಗುಂಡು ಹೊರಡುವುದೇ ಸುಮಾರು 2600 ಅಡಿಗೆ. ಹಾಗಾಗಿ ಡಬ್ಬಿಯ ಮೇಲಿನ ದೊಡ್ಡ ಅಂಕಿ ನಿಮಗೆ ಒಂದು ಕ್ಷಣವೂ ಅನ್ವಯಿಸುವುದಿಲ್ಲ! ಬೋಟ್‌ಟೇಲ್ ಗುಂಡಿಗೆ ಜಿ7 ಹಾಕಿ, ಮುಗಿಯಿತು. ಆ್ಯಪ್‌ನಲ್ಲಿ ಜಿ7 ಆರಿಸಿ 0.505 ತುಂಬಿದರೆ ಮಾತ್ರ ಗಾಳಿಯ ತಡೆ ಅರ್ಧಕ್ಕಿಳಿದು, ನಿಜದ ಗುಂಡು ಲೆಕ್ಕಕ್ಕಿಂತ ಬಹಳ ಕೆಳಗೆ ಬೀಳುತ್ತದೆ.

ಇನ್ನು ಗಾಳಿ. ಸ್ಟ್ಯಾಂಡರ್ಡ್ ಗಾಳಿ ಎಂದರೆ 15 ಡಿಗ್ರಿ, 1013.25 ಮಿಲಿಬಾರ್, ಘನ ಮೀಟರಿಗೆ 1.225 ಕೆ.ಜಿ. ನಮ್ಮ ಬಿಸಿಲೂರಿಗೂ ಅದಕ್ಕೂ ಏನು ಸಂಬಂಧ? ಬಳ್ಳಾರಿ ಸಮುದ್ರಮಟ್ಟದಿಂದ ಸುಮಾರು 485 ಮೀಟರ್ ಎತ್ತರ. ಬೇಸಿಗೆಯಲ್ಲಿ ಇಲ್ಲಿನ ನಿಜ ಒತ್ತಡ 955 ಮಿಲಿಬಾರ್ ಆಸುಪಾಸು. 42 ಡಿಗ್ರಿಯಲ್ಲಿ ಸಾಂದ್ರತೆ 1.056ಕ್ಕೆ ಇಳಿಯುತ್ತದೆ, ಅಂದರೆ ಶೇ. 14ರಷ್ಟು ತೆಳು. ಸ್ಟ್ಯಾಂಡರ್ಡ್ ಲೆಕ್ಕದಲ್ಲಿ 1500 ಮೀಟರ್ ಎತ್ತರದ ಬೆಟ್ಟದ ಮೇಲಿನ ಗಾಳಿ ಇದು. 0.243 ಇದ್ದದ್ದು 0.282ರ ಹಾಗೆ ಕೆಲಸ ಮಾಡುತ್ತದೆ. ಡಿಸೆಂಬರಿನ ಬೆಳಗ್ಗೆ 16 ಡಿಗ್ರಿಯಲ್ಲಿ ಅದೇ ರೇಂಜಿನ ಗಾಳಿ ಮೇ ತಿಂಗಳಿಗಿಂತ ಶೇ. 9ರಿಂದ 10ರಷ್ಟು ದಪ್ಪ.

ಒತ್ತಡದ ಖಾನೆಯಲ್ಲೇ ಹೆಚ್ಚು ಎಡವಟ್ಟು. ಹವಾಮಾನದ ಆ್ಯಪ್ ತೋರಿಸುವ 1007 ಮಿಲಿಬಾರ್ ಸಮುದ್ರಮಟ್ಟಕ್ಕೆ ತಿದ್ದಿದ ಅಂಕಿ. ಅದನ್ನು ಸ್ಟೇಷನ್ ಪ್ರೆಶರ್ (ಆ ಜಾಗದ ನಿಜ ಒತ್ತಡ) ಎಂದು ತುಂಬಿದರೆ ಶೇ. 5ರಷ್ಟು ಹೆಚ್ಚುವರಿ ಗಾಳಿ ನೀವೇ ಸೇರಿಸಿದಂತೆ. ನಿಜ ಒತ್ತಡ ತುಂಬಿದ ಮೇಲೆ ಎತ್ತರವನ್ನೂ ತುಂಬಿದರೆ ಕೆಲವು ಆ್ಯಪ್‌ಗಳು ಎರಡು ಸಲ ತಿದ್ದುತ್ತವೆ. ಬ್ಯಾರೋಮೀಟರ್ ಇರುವ ಫೋನಿನಲ್ಲಿ ಸೆನ್ಸರ್ ಅಂಕಿಯನ್ನೇ ಓದಿ. ಇಲ್ಲದಿದ್ದರೆ ಪ್ರತಿ 9 ಮೀಟರ್ ಎತ್ತರಕ್ಕೆ ಸುಮಾರು ಒಂದು ಮಿಲಿಬಾರ್ ಕಳೆಯಿರಿ. ಥರ್ಮಾಮೀಟರ್ ನೆರಳಲ್ಲಿರಲಿ. ತೇವಾಂಶಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಗಂಗಾವತಿ, ಸಿಂಧನೂರು ಕಡೆ ಗದ್ದೆಗೆ ನೀರು ನಿಂತಾಗ ಗಾಳಿ ಭಾರ ಅನ್ನಿಸುತ್ತದೆ, ನಿಜಕ್ಕೆ ತೇವದ ಗಾಳಿ ಒಣಗಾಳಿಗಿಂತ ತುಸು ಹಗುರ.

ಗುಂಡಿನ ವೇಗ ಅಳೆಯುವ ಎರಡು ಕ್ರೋನೋಗ್ರಾಫ್‌ಗಳನ್ನು ಹತ್ತಿರ ಒಂದು, ದೂರ ಒಂದು ಇಟ್ಟು ಬಿ.ಸಿ.ಯನ್ನು ನಾವೇ ಅಳೆಯೋಣ ಎನ್ನುವವರಿಗೆ ಒಂದು ಎಚ್ಚರಿಕೆ. ಈ ಗುಂಡು ಸೆಕೆಂಡಿಗೆ 790 ಮೀಟರ್ ವೇಗದಲ್ಲಿ ಹೊರಟರೆ ಸ್ಟ್ಯಾಂಡರ್ಡ್ ಗಾಳಿಯಲ್ಲಿ ಮೊದಲ 100 ಮೀಟರಿಗೆ ಸುಮಾರು 60 ಕಳೆದುಕೊಳ್ಳುತ್ತದೆ. ಕ್ರೋನೋಗ್ರಾಫ್ ಶೇ. 0.5 ತಪ್ಪು ತೋರಿಸಿದರೆ ಅದೇ 4 ಮೀಟರ್. ಹತ್ತಿರದ್ದು ಮೇಲಕ್ಕೂ ದೂರದ್ದು ಕೆಳಕ್ಕೂ ತಪ್ಪಿದರೆ 60ರ ಜಾಗದಲ್ಲಿ 68 ಬರುತ್ತದೆ, ಬಿ.ಸಿ. 0.214 ಎಂದು ಹೊರಡುತ್ತದೆ. ಎರಡನ್ನೂ ಮೊದಲು ಒಂದರ ಹಿಂದೆ ಒಂದು ಇಟ್ಟು ಒಂದೇ ಗುಂಡಿಗೆ ಹೋಲಿಸಿ, ವ್ಯತ್ಯಾಸ ಬರೆದಿಟ್ಟುಕೊಂಡು, ಆಮೇಲೆ ದೂರ ಇಡಬೇಕು.

300 ಮೀಟರಿನಲ್ಲಿ ಗುಂಡು ಬಿದ್ದ ಎತ್ತರ ನೋಡಿ ಬಿ.ಸಿ. ತಿದ್ದುವುದಂತೂ ಬೇಡವೇ ಬೇಡ. ಆ ದೂರಕ್ಕೆ ಬಿ.ಸಿ. ಶೇ. 5 ತಪ್ಪಿದರೆ ಎತ್ತರ ಒಂದು ಸೆಂಟಿಮೀಟರ್ ಬದಲಾದೀತು. ಹೊರಡುವ ವೇಗ ಶೇ. 1 ಬದಲಾದರೆ ಹೆಚ್ಚುಕಮ್ಮಿ ಎರಡು ಸೆಂಟಿಮೀಟರ್. ತೋಟಾ ಡಬ್ಬಿ ಬಿಸಿಲಲ್ಲಿ ಕಾದರೆ ಮದ್ದು ಚುರುಕಾಗಿ ವೇಗ ಏರುತ್ತದೆ. ಡಬ್ಬಿ ನೆರಳಿಗೆ ಹೋಗಲಿ, ಕಾದ ಚೇಂಬರಿನಲ್ಲಿ ತೋಟಾ ಇಟ್ಟು ಕಾಯುತ್ತಾ ಕೂರಬೇಡಿ. ವೇಗವನ್ನು ಹತ್ತಿರದಲ್ಲಿ ಸರಿಮಾಡಿಕೊಂಡು, ಸ್ಕೋಪಿನ ಕ್ಲಿಕ್ (ತಿರುಗಣಿಯ ಒಂದು ಹೆಜ್ಜೆ) ನಿಜಕ್ಕೆ ಎಷ್ಟು ಸರಿಯುತ್ತದೆ ಎಂದು 100 ಮೀಟರಿನ ಎತ್ತರದ ಹಲಗೆಯ ಮೇಲೆ ಪರೀಕ್ಷಿಸಿದ ಮೇಲೆಯೇ ದೂರದ ಬಿ.ಸಿ.ಗೆ ಕೈ ಹಾಕುವುದು.

300 ಮೀಟರಿನಲ್ಲಿ ಬಿ.ಸಿ. ನಿಜವಾಗಿ ಕಾಣುವುದು ಅಡ್ಡಗಾಳಿಯಲ್ಲಿ. ಗುಂಡು ತಲುಪಲು ತೆಗೆದುಕೊಂಡ ಸಮಯದಿಂದ, ಗಾಳಿಯ ತಡೆಯೇ ಇಲ್ಲದಿದ್ದರೆ ಹಿಡಿಯುತ್ತಿದ್ದ ಸಮಯವನ್ನು ಕಳೆದು, ಉಳಿದದ್ದನ್ನು ಅಡ್ಡಗಾಳಿಯ ವೇಗದಿಂದ ಗುಣಿಸಿ. 0.428ರಲ್ಲಿ 0.380 ಕಳೆದರೆ 0.048 ಸೆಕೆಂಡು, ಸೆಕೆಂಡಿಗೆ 4 ಮೀಟರಿನ ಗಾಳಿಗೆ ಸುಮಾರು 19 ಸೆಂಟಿಮೀಟರ್ ಪಕ್ಕಕ್ಕೆ. 300 ಮೀಟರ್ ಟಾರ್ಗೆಟ್‌ನಲ್ಲಿ ಹತ್ತರ ವೃತ್ತದ ವ್ಯಾಸ 10 ಸೆಂಟಿಮೀಟರ್, ಆದ್ದರಿಂದ ನಡುವಿಗಿಟ್ಟ ಗುರಿ ಏಳಕ್ಕೆ ಹೋಯಿತು. ಮೇ ತಿಂಗಳ ತೆಳು ಗಾಳಿಯಲ್ಲಿ ಅದೇ 16ರ ಆಸುಪಾಸು. ಬಿ.ಸಿ.ಯ ಶೇ. 5 ಇಲ್ಲಿ ಒಂದು ಸೆಂಟಿಮೀಟರ್. ಆಷಾಢದ ಗಾಳಿಯನ್ನು ಸೆಕೆಂಡಿಗೆ ಒಂದು ಮೀಟರ್ ತಪ್ಪಾಗಿ ಓದಿದರೆ ಹತ್ತಿರ ಹತ್ತಿರ ಐದು.