ಸೆಲ್ಫ್ ಕ್ಲೀನ್ ಬಟನ್ ಒತ್ತೋ ಮುಂಚೆ

ಓವನ್‌ನಲ್ಲಿ ಸೆಲ್ಫ್ ಕ್ಲೀನ್ ಇದೆ ಅಂತ ಬಟನ್ ಒತ್ತಿ ಆಚೆ ಹೊರಟುಬಿಡ್ಬೇಡಿ, ಅದ್ರಲ್ಲಿ ನೀರೂ ಇಲ್ಲ ಸೋಪೂ ಇಲ್ಲ, ಬರೀ ಬಿಸಿ, ಸುಮಾರು 480 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಿ ಅಂಟಿರೋ ಜಿಡ್ಡನ್ನೆಲ್ಲ ಸುಟ್ಟು ಬೂದಿ ಮಾಡತ್ತೆ ಅಷ್ಟೇ. ಅದಕ್ಕೇ ತಳದಲ್ಲಿ ಎಣ್ಣೆ ನಿಂತಿದ್ರೆ ಮೊದಲು ಒರೆಸಿ, ಇಲ್ಲಾಂದ್ರೆ ಮನೆ ತುಂಬಾ ಹೊಗೆ, ಬೆಂಕಿ ಹತ್ತಿದ್ರೂ ಹತ್ತೀತು. ಟ್ರೇ, ಫಾಯಿಲ್ ಎಲ್ಲಾ ಆಚೆ. ಕಂಬಿ ರ‍್ಯಾಕೂ ತೆಗೀರಿ, ಹೊಳಪು ಹೋಗಿ ಮಂಕಾಗತ್ತೆ, ಆಮೇಲೆ ಎಳೆದಾಗೆಲ್ಲ ಕಿರ್ ಅನ್ನತ್ತೆ. ಕ್ಲೀನರ್ ಸ್ಪ್ರೇ ಹೊಡೀಲೇಬೇಡಿ, ಬಾಗಿಲ ಸುತ್ತ ಇರೋ ಗ್ಯಾಸ್ಕೆಟ್, ಅಂದ್ರೆ ಬಿಸಿ ಆಚೆ ಬರದ ಹಾಗೆ ತಡೆಯೋ ಪಟ್ಟಿ, ಅದನ್ನ ಉಜ್ಜಬೇಡಿ.

ಕಿಟಕಿ ತೆಗೆದು ಫ್ಯಾನ್ ಹಾಕಿ. ಹಕ್ಕಿ ಸಾಕಿದ್ರೆ ಅವತ್ತು ಬೇರೆ ಮನೆಗೇ ಕಳಿಸಿ, ಆ ಹೊಗೆ ಅವಕ್ಕೆ ಪ್ರಾಣಕ್ಕೇ ಕುತ್ತು, ಇದೊಂದು ಬಹಳ ಜನಕ್ಕೆ ಗೊತ್ತೇ ಇರಲ್ಲ. ಎರಡು ಮೂರು ಗಂಟೆ ಓಡತ್ತೆ, ತಣ್ಣಗಾಗೋವರೆಗೂ ಬಾಗಿಲು ಲಾಕ್ ಆಗಿರತ್ತೆ, ಎಳೆದಾಡ್ಬೇಡಿ. ರಾತ್ರಿ ಹಾಕಿ ಮಲಗೋದಂತೂ ನಂಗೆ ಸರಿ ಅನ್ಸಲ್ಲ. ನೆಂಟ್ರು ಬರೋ ಹಿಂದಿನ ದಿನವೂ ಬೇಡ, ಆ ಬಿಸಿಗೆ ಥರ್ಮಲ್ ಫ್ಯೂಸ್ (ಬಿಸಿ ಮಿತಿಮೀರಿದ್ರೆ ಕರೆಂಟ್ ಕಟ್ ಮಾಡೋ ಭಾಗ) ಹೋಗಿ ಓವನ್ನೇ ಆನ್ ಆಗದೇ ಇರೋದೂ ಉಂಟು. ಉಳಿದ ಬೂದಿಗೆ ಒದ್ದೆ ಬಟ್ಟೆ ಸಾಕು.