ನೀವು ಎಷ್ಟು ಹೊತ್ತು ಮಲಗುತ್ತೀರಿ?

ಅಮ್ಮನಿಗೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇರುವುದು ಗೊತ್ತಾಗಿ ನಾಲ್ಕು ವರ್ಷವಾಯಿತು. ಮೊದಲ ಮೂರು ವರ್ಷ ಅವಳನ್ನು ಹೇಗೆ ನೋಡಿಕೊಳ್ಳುವುದೆಂಬ ಒಂದೇ ಚಿಂತೆಯಲ್ಲಿದ್ದ ನಾನು, ನನ್ನ ಆರೈಕೆಯ ಮಾತನ್ನು ಯಾರಾದರೂ ಎತ್ತಿದರೆ ಅದು ಪುರುಸೊತ್ತಿರುವವರಿಗೆ ಹೇಳಿದ್ದು ಎಂದುಕೊಂಡು ಸುಮ್ಮನಾಗುತ್ತಿದ್ದೆ. ಬೆಳಿಗ್ಗೆ ಅವಳ ಸ್ನಾನ, ತಿಂಡಿ, ಮಾತ್ರೆ ಮುಗಿಸಿ ಶಾಲೆಗೆ ಓಡಿ, ಸಂಜೆ ಬಂದು ಮತ್ತೆ ಅವಳ ಹಿಂದೆ ನಿಲ್ಲುವ ನನಗೆ ಅಂಥದ್ದಕ್ಕೆಲ್ಲ ಸಮಯವೆಲ್ಲಿದೆ ಎಂಬ ಭಾವನೆ. ಆ ಎಣಿಕೆ ತಪ್ಪೆಂದು ತಿಳಿದದ್ದು ಕಳೆದ ವರ್ಷದ ಆಷಾಢದಲ್ಲಿ, ಒಂದು ಮಳೆಯ ರಾತ್ರಿ.

ಎರಡೂವರೆಯ ಸುಮಾರಿಗೆ ಬಾಗಿಲಿನ ಚಿಲಕದ ಸದ್ದಾಯಿತು. ಎದ್ದು ಹೋಗಿ ನೋಡಿದರೆ ಅಮ್ಮ ಸೀರೆಯ ಸೆರಗನ್ನು ತಲೆಗೆ ಹೊದ್ದುಕೊಂಡು, ಎರಡೂ ಕೈಯಿಂದ ಅಗುಳಿಯನ್ನು ಎಳೆಯುತ್ತಿದ್ದಳು. "ಮನೆಗೆ ಹೋಗಬೇಕು, ಹಾಲು ಕರೆಯುವ ಹೊತ್ತಾಯಿತು, ಕರು ಕೂಗುತ್ತಿದೆ" ಎಂದಳು. ಆ ಮನೆಯನ್ನೂ ಕೊಟ್ಟಿಗೆಯನ್ನೂ ಮಾರಿ ಇಪ್ಪತ್ತು ವರ್ಷವಾಗಿದೆ. ಅದು ಆ ವಾರದಲ್ಲಿ ಅವಳು ಎದ್ದ ಐದನೆಯ ರಾತ್ರಿ. ಅಮ್ಮ, ಇದೇ ನಮ್ಮ ಮನೆ ಎಂದು ಎಷ್ಟು ಸಲ ಹೇಳಿದೆನೋ ನೆನಪಿಲ್ಲ. ಕೊನೆಗೆ ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿದು ಒಳಗೆಳೆದೆ. ನನ್ನ ಕೈಯ ಗಾಜಿನ ಬಳೆ ಒಡೆದು ಅವಳ ಚರ್ಮಕ್ಕೆ ಚುಚ್ಚಿತು. ಅವಳು ಅಳಲಿಲ್ಲ. ಪರಿಚಯವಿಲ್ಲದವರ ಮನೆಯಲ್ಲಿ ಮಕ್ಕಳು ನಿಲ್ಲುವ ಹಾಗೆ ಗೋಡೆಗೆ ಒತ್ತಿಕೊಂಡು ನಿಂತಳು. ಬೆಳಿಗ್ಗೆ ಕಾಫಿ ಕುಡಿಯುವಾಗ ಆ ಗೀರನ್ನು ಬೆರಳಿನಿಂದ ಸವರುತ್ತಾ, "ಇದು ಹೇಗಾಯಿತು ಮಗಾ?" ಎಂದು ಕೇಳಿದಳು. ಗೊತ್ತಿಲ್ಲಮ್ಮ ಎಂದೆ. ಅವಳಿಗೆ ನಾನು ಹೇಳಿದ ಸುಳ್ಳುಗಳಲ್ಲಿ ಇಷ್ಟು ಭಾರವಾದದ್ದು ಇನ್ನೊಂದಿಲ್ಲ.

ಮುಂದಿನ ಮಂಗಳವಾರ ಅವಳ ಮಾತ್ರೆಗಾಗಿ ತಾಲ್ಲೂಕು ಆಸ್ಪತ್ರೆಗೆ ಹೋದೆವು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ ಎಂಬುದು ಗೊತ್ತಿರುವವರು ನಮ್ಮಲ್ಲಿ ಈಗಲೂ ಕಡಿಮೆ. ಇಂಥ ಚಿಕಿತ್ಸೆಯನ್ನು ದೊಡ್ಡ ಊರಿನ ಆಸ್ಪತ್ರೆಗಳಿಂದಾಚೆಗೆ, ಜನರ ಹತ್ತಿರಕ್ಕೆ ತರಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತ್ತು. ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ವೈದ್ಯರು ಅಮ್ಮನ ಚೀಟಿ ಬರೆದು ಮುಗಿಸಿ, ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿ, "ನೀವು ಎಷ್ಟು ಹೊತ್ತು ಮಲಗುತ್ತೀರಿ?" ಎಂದು ಕೇಳಿದರು. ಲೆಕ್ಕ ಹೇಳಲು ಹೋದವಳಿಗೆ ಗಂಟಲು ಕಟ್ಟಿತು. ಆ ಕೋಣೆಯಲ್ಲಿ ರೋಗಿಯ ಕುರ್ಚಿಯ ಮೇಲೆ ಅಮ್ಮ, ಅವಳ ಪಕ್ಕದ ಸ್ಟೂಲಿನ ಮೇಲೆ ಅಳುತ್ತಿರುವ ನಾನು; ಅಮ್ಮ ತನ್ನ ಸೆರಗಿನ ತುದಿಯಿಂದ ನನ್ನ ಕೆನ್ನೆ ಒರೆಸಿದಳು.

ಅವರು ಆಗ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ವಯಸ್ಕರಿಗೆ ರಾತ್ರಿ ಕನಿಷ್ಠ ಏಳು ಗಂಟೆಯ ನಿದ್ದೆ ಬೇಕು. ಅದು ದಿನಗಟ್ಟಲೆ ಸಿಗದೆ ಹೋದರೆ ಭಯ, ಸಿಟ್ಟುಗಳನ್ನು ಎಬ್ಬಿಸುವ ಮೆದುಳಿನ ಭಾಗ ಸಣ್ಣ ಕಾರಣಕ್ಕೂ ಕೆರಳುತ್ತದೆ. ಅದಕ್ಕೆ ಕಡಿವಾಣ ಹಾಕಬೇಕಾದ ಮುಂಭಾಗದ ಹಿಡಿತ ಸಡಿಲವಾಗುತ್ತದೆ. ಆದ್ದರಿಂದ ನಾನು ಕೆಟ್ಟ ಮಗಳೋ ಒಳ್ಳೆಯ ಮಗಳೋ ಎಂದು ಕೊರಗುವ ಮೊದಲು ನನ್ನ ನಿದ್ದೆಗೆ ದಾರಿ ಮಾಡಬೇಕು. ಬೇಸರ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ನಿದ್ದೆ ಹಸಿವುಗಳ ಏರುಪೇರು ಎರಡು ವಾರಕ್ಕೂ ಮೀರಿ ಉಳಿದರೆ ಅದನ್ನು ಬರಿಯ ಆಯಾಸವೆಂದು ಬಿಡದೆ ನಾನೂ ಚೀಟಿ ಮಾಡಿಸಿಕೊಂಡು ಬರಬೇಕು. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇರುವುದು ಕಂಡುಬಂದಿತ್ತು, ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅದನ್ನು ನಾನು ಓದಿದ್ದು ಆಮೇಲೆ. ಆದರೆ ಆ ದಿನ ಹೊರಗಿನ ಬೆಂಚಿನ ಮೇಲೆ ರೋಗಿಗಳ ಜೊತೆಗೆ ಬಂದು ಕೂತಿದ್ದ ಹೆಂಗಸರ ಮುಖಗಳನ್ನು ನೋಡಿದಾಗ, ಇವರಲ್ಲಿ ಎಷ್ಟು ಜನರ ನಿದ್ದೆಯನ್ನು ಯಾರು ಕೇಳಿದ್ದಾರೆ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಮನೆಗೆ ಬಂದವಳು ಮೊದಲು ಮಾಡಿದ್ದು ರಾತ್ರಿಗಳನ್ನು ಹಂಚಿದ್ದು. ಅಮ್ಮನ ಕೋಣೆಯಲ್ಲಿ ಮಲಗುವುದು ಮಗಳ ಕೆಲಸವೆಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ನಮ್ಮ ಮನೆಯವರು ಬೇಡವೆಂದಿರಲಿಲ್ಲ, ನಾನು ಕೇಳಿರಲಿಲ್ಲ. ಈಗ ವಾರದಲ್ಲಿ ಮೂರು ರಾತ್ರಿ ಅವರು ಅಲ್ಲಿ ಮಲಗುತ್ತಾರೆ, ನಾನು ಮಹಡಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ಬೆಂಗಳೂರಿನಲ್ಲಿರುವ ತಮ್ಮನಿಗೆ ಫೋನು ಮಾಡಿ, ದುಡ್ಡು ಕಳಿಸಿದರೆ ಸಾಲದು, ತಿಂಗಳಿಗೊಂದು ಶನಿವಾರ ಭಾನುವಾರ ಬಂದು ಅಮ್ಮನ ಜೊತೆಗಿರು ಎಂದು ಹೇಳಲು ನನಗೆ ಎರಡು ವಾರ ಬೇಕಾಯಿತು. ಅವನು ಕೂಡಲೇ ಒಪ್ಪಿದ. ಮೂರು ವರ್ಷ ಮನಸ್ಸಿನಲ್ಲೇ ಅವನ ಜೊತೆ ಜಗಳವಾಡಿದ್ದ ನಾನು ಒಮ್ಮೆಯೂ ಬಾಯಿಬಿಟ್ಟು ಕೇಳಿರಲಿಲ್ಲ.

ಸಂಜೆಯ ಹೊತ್ತಿಗೆ ಬೇರೆಯೇ ಉಪಾಯ ಬೇಕಾಯಿತು. ಈ ಕಾಯಿಲೆಯವರಲ್ಲಿ ಅನೇಕರಿಗೆ ಹೊತ್ತು ಇಳಿಯುತ್ತಿದ್ದಂತೆ ಗೊಂದಲ, ಚಡಪಡಿಕೆ ಹೆಚ್ಚಾಗುತ್ತದೆ. ಕತ್ತಲಾಗುವ ಮೊದಲೇ ಎಲ್ಲ ದೀಪ ಹಾಕಿ, ಪರದೆ ಎಳೆದು, ಅಮ್ಮನ ಮುಂದೆ ಒಂದು ಮೊರ ಅವರೆಕಾಯಿ ಇಡಲು ಶುರುಮಾಡಿದೆ. ಅವರೆಕಾಯಿ ಇಲ್ಲದ ಕಾಲದಲ್ಲಿ ಹೆಸರುಕಾಳು ಕಡಲೆಕಾಳನ್ನು ಬೆರೆಸಿ ಕೊಟ್ಟು ಆರಿಸು ಎನ್ನುತ್ತೇನೆ. ನನ್ನ ಹೆಸರನ್ನು ಮರೆತಿರುವ ಆ ಬೆರಳುಗಳು ಸಿಪ್ಪೆಯ ನಾರನ್ನು ಎಲ್ಲಿಂದ ಎಳೆಯಬೇಕೆಂಬುದನ್ನು ಮರೆತಿಲ್ಲ. ಹುಳುಕು ಕಾಳನ್ನು ಇವತ್ತಿಗೂ ನನಗಿಂತ ಬೇಗ ಹಿಡಿಯುತ್ತಾಳೆ. ಅವಳು ಹೀಗೆ ಮುಕ್ಕಾಲು ಗಂಟೆ ನೆಮ್ಮದಿಯಿಂದ ಕೂತರೆ ನನ್ನ ಉಸಿರಾಟವೂ ನಿಧಾನವಾಗುತ್ತದೆ. ನನ್ನ ಆರೈಕೆ, ಅವಳ ಆರೈಕೆ ಎಂಬ ಗೆರೆ ಎಲ್ಲಿದೆಯೆಂದು ಆಗ ನನಗೆ ತಿಳಿಯುವುದಿಲ್ಲ.

ವಾರಕ್ಕೆ ನಾಲ್ಕು ದಿನ, ನಾನು ಶಾಲೆಯಿಂದ ಬಂದ ಮೇಲೆ ಒಂದು ಗಂಟೆ ಅಮ್ಮನ ಜೊತೆ ಕೂರಲು ಪಕ್ಕದ ಬೀದಿಯ ಒಬ್ಬ ಹೆಂಗಸು ಬರುತ್ತಾಳೆ, ಅವಳಿಗೆ ಸಂಬಳ ಕೊಡುತ್ತೇನೆ. ಹೆತ್ತ ತಾಯಿಯನ್ನು ನೋಡಿಕೊಳ್ಳುವುದಕ್ಕೂ ಆಳು ಇಟ್ಟಿದ್ದಾಳೆ ಎಂದು ಹತ್ತಿರದ ನೆಂಟರೊಬ್ಬರು ಮದುವೆಮನೆಯಲ್ಲಿ ಹೇಳಿದ್ದು ನನ್ನ ಕಿವಿಗೂ ಬಿತ್ತು, ಬಹಳ ದಿನ ಚುಚ್ಚಿತು. ಹೆತ್ತವರ ಋಣ ತೀರಿಸುವುದೆಂದರೆ ಸವೆದು ಮುಗಿಯುವುದು ಎಂದು ನಾವು ಹೆಣ್ಣುಮಕ್ಕಳಿಗೆ ಕಲಿಸಿರುವುದು ತಪ್ಪು ಎಂದೇ ನಾನು ಭಾವಿಸುತ್ತೇನೆ. ಆ ಒಂದು ಗಂಟೆಯಲ್ಲಿ ಕೆರೆ ಏರಿಯ ಮೇಲೆ ನಡೆಯುತ್ತೇನೆ, ಫೋನನ್ನು ಮನೆಯಲ್ಲೇ ಬಿಟ್ಟು. ಮೊದಲ ದಿನಗಳಲ್ಲಿ ಅರ್ಧ ದಾರಿಗೇ ಹಿಂತಿರುಗಿ ಓಡಿ ಬಂದದ್ದೂ ಇದೆ, ಏನೋ ಆಗಿರಬಹುದೆಂಬ ಭಯದಿಂದ. ಬಂದು ನೋಡಿದರೆ ಅಮ್ಮ ಆ ಹೆಂಗಸಿಗೆ ಕರುವಿನ ಕಥೆ ಹೇಳುತ್ತಿದ್ದಳು.

ಪ್ರಾಣಾಯಾಮ, ಧ್ಯಾನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅವು ಒಳ್ಳೆಯವೇ, ಆದರೆ ನಿದ್ದೆಗೆಟ್ಟವಳು ಕಣ್ಣು ಮುಚ್ಚಿ ಕೂತರೆ ತೂಕಡಿಕೆಯೇ ಬರುತ್ತದೆ. ಹೇಳಲೇಬೇಕಾದದ್ದು ಒಂದು ಫೋನ್ ನಂಬರಿನ ವಿಷಯ: 14416. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಬಳೆ ಒಡೆದ ಆ ರಾತ್ರಿಯ ವಿಷಯವನ್ನು ನಾನು ಮನೆಯವರಿಗೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಆ ನಂಬರಿಗೆ ಕರೆ ಮಾಡಿ, ಮುಖ ಕಾಣದ ಒಬ್ಬರಿಗೆ ಹೇಳಿದೆ. ಅವರು ಬೈಯಲಿಲ್ಲ, ಪರವಾಗಿಲ್ಲ ಎಂದು ಹಾರಿಸಿಯೂ ಬಿಡಲಿಲ್ಲ. ಸಿಟ್ಟು ಏರುವ ಮೊದಲು ಮೈಯಲ್ಲಿ ಏನಾಗುತ್ತದೆಂದು ಕೇಳಿದರು. ಯೋಚಿಸಿ ನೋಡಿದರೆ ದವಡೆ ಬಿಗಿಯುತ್ತದೆ, ಅಂಗೈ ಬಿಸಿಯಾಗುತ್ತದೆ. ಹಾಗಾದಾಗ ಅಮ್ಮನಿಗೆ ಅಪಾಯವಿಲ್ಲವೆಂದು ನೋಡಿಕೊಂಡು ಎರಡು ನಿಮಿಷ ಆ ಕೋಣೆಯಿಂದ ಹೊರಗೆ ಬನ್ನಿ ಎಂದರು. ಬಾಗಿಲಿಗೆ ಬೀಗ ಹಾಕಿರುತ್ತೇವಾದ್ದರಿಂದ ಈಗ ಹಾಗೇ ಬರುತ್ತೇನೆ, ಹಿತ್ತಿಲಲ್ಲಿ ಕೈಕಾಲಿಗೆ ತಣ್ಣೀರು ಹಾಕಿಕೊಂಡು ಒಳಗೆ ಹೋಗುತ್ತೇನೆ. ಅದೇ ಸಂಜೆ ಮನೆಯವರಿಗೂ ಎಲ್ಲವನ್ನೂ ಹೇಳಿದೆ.

ಅಮ್ಮನ ಕಾಯಿಲೆ ಗುಣವಾಗುವಂಥದ್ದಲ್ಲ, ಮುಂದಿನ ದಿನಗಳು ಇನ್ನೂ ಕಷ್ಟವಿರುತ್ತವೆ ಎಂದು ನನಗೆ ಗೊತ್ತಿದೆ. ಕಳೆದ ಗುರುವಾರ ರಾತ್ರಿ ನನ್ನ ಸರದಿಯಿರಲಿಲ್ಲ. ಯಾವುದೋ ಹೊತ್ತಿನಲ್ಲಿ ಅರೆನಿದ್ದೆಯಲ್ಲಿ ಕೆಳಗೆ ಅಗುಳಿ ಅಲುಗಾಡಿದ ಸದ್ದು ಕೇಳಿತು, ಕರುವಿನ ಮಾತೂ ಕೇಳಿತು. ಎದ್ದು ಕೂತೆ. ಅಷ್ಟರಲ್ಲಿ ನಮ್ಮ ಮನೆಯವರು ಮೆಲ್ಲಗೆ, "ಮಳೆ ಬರುತ್ತಿದೆ ಅತ್ತೆ, ಸ್ವಲ್ಪ ಬೆಳಕಾಗಲಿ, ಇಬ್ಬರೂ ಹೋಗಿ ಕರೆಯೋಣ" ಎನ್ನುತ್ತಿದ್ದರು. ಅಮ್ಮ ಸರಿ ಎಂದಳು. ನಾನು ಮತ್ತೆ ಮಲಗಿ ಹೊದಿಕೆ ಎಳೆದುಕೊಂಡೆ.